ಗೆರೆ ಎಳೆದ ಸಾಲುಗಳು

ಕಗ್ಗದಾಸಪುರ
೬ ಆಗಸ್ಟ್ ೧೯೪೪

ಪೂಜ್ಯ ಚಿಕ್ಕಮ್ಮನವರಿಗೆ ಶಾಂತಕುಮಾರಿ ಮಾಡುವ ನಮಸ್ಕಾರಗಳು.

ಸೊಪ್ಪು ಮಾರಲು ನಿಮ್ಮ ಕಡೆಗೆ ಬರುವ ಮಾರಕ್ಕನ ಬುಟ್ಟಿಯ ತಳದಲ್ಲಿ ಈ ಪತ್ರದ ಜೊತೆಗೆ ಒಂದು ಪುಸ್ತಕವನ್ನೂ ಇಟ್ಟಿದ್ದೇನೆ. ದಂಟಿನ ಸೊಪ್ಪಿನ ನೀರು ಇಳಿದು ಅಂಚು ನೆನೆದಿದ್ದರೆ ದಯವಿಟ್ಟು ಬಿಸಿಲಿಗೆ ಹಿಡಿಯಿರಿ, ಅದು ನನ್ನದಲ್ಲ. ನಾನು ನಿಮಗೆ ಬರೆಯುವುದು ಅಪ್ಪನಿಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದಾಳೆ.

ಹೋದ ಭಾನುವಾರ ನನ್ನನ್ನು ನೋಡಲು ಬಂದಿದ್ದರು. ಹುಡುಗನ ಹೆಸರು ಅಂಜನಮೂರ್ತಿ, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಮನೆ ನಿಮ್ಮ ಹಲಸೂರಿನಲ್ಲೇ. ನಾನು ತಟ್ಟೆ ಇಡುವಾಗ ಒಂದು ಸಲ ತಲೆ ಎತ್ತಿ ನೋಡಿದರು, ಅಷ್ಟೇ. ಹೊರಡುವ ಹೊತ್ತಿಗೆ ಅವರ ತಂಗಿ ಅಡುಗೆಮನೆಗೆ ಬಂದು ಈ ಪುಸ್ತಕವನ್ನು ನನ್ನ ಕೈಗೆ ತುರುಕಿ, "ನಮ್ಮಣ್ಣ ಕೊಟ್ಟಿದ್ದು ಕಣ್ರೀ. ಅವ್ನು ತುಂಬಾ ಓದ್ತಾನೆ. ನೀವೂ ಓದ್ಬೇಕಂತೆ" ಎಂದಳು.

ಓದಿದೆ. ಒಳಗೆ ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಅಕ್ಕನ ಮದುವೆಯನ್ನು ಅವಳನ್ನು ಕೇಳದೆ ಮಾಡಿ ಪಟ್ಟ ಪಾಡನ್ನು ಅಪ್ಪ ಇನ್ನೂ ಮರೆತಿಲ್ಲ. ಅದಕ್ಕೇ ಈ ಸಲ, "ನಿನ್ ಬಾಯಲ್ಲಿ ಹೂಂ ಅಂತ ಬಂದ್ಮೇಲೇ ತಾಂಬೂಲ" ಎಂದಿದ್ದಾರೆ. ಹೂಂ ಅನ್ನಲೋ ಬೇಡವೋ? ಒಂದು ಮಾತೂ ಆಡದ ಮನುಷ್ಯನನ್ನು ಹೇಗೆ ತಿಳಿಯುವುದು? ಈ ಗೆರೆಗಳೇ ಅವರು ಆಡಿದ ಮಾತು ಎಂದುಕೊಂಡಿದ್ದೇನೆ. ನನಗೆ ಅಕ್ಷರ ಕಲಿಸಿದವರು ನೀವು. ಓದಿ, ಇವರು ಎಂಥವರು ಎಂದು ನೀವೇ ಹೇಳಿ. ನನಗೆ ಏನನ್ನಿಸಿತು ಎಂಬುದನ್ನು ಈಗ ಬರೆಯುವುದಿಲ್ಲ.

ನಿಮ್ಮ ಶಾಂತು


ಹಲಸೂರು
೧೫ ಆಗಸ್ಟ್ ೧೯೪೪

ಚಿ. ಶಾಂತುವಿಗೆ ಚಿಕ್ಕಮ್ಮನ ಆಶೀರ್ವಾದ.

ಪುಸ್ತಕ ಒಣಗಿತು. ನನ್ನ ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಅಸ್ಸಾಮಿನ ಕಡೆಯ ಯುದ್ಧದಿಂದ ರೈಲು ತುಂಬ ಗಾಯಾಳುಗಳು ಬರುತ್ತಲೇ ಇದ್ದಾರೆ. ವಾರ್ಡಿನಲ್ಲಿ ಮಂಚ ಸಾಲದೆ ವರಾಂಡದಲ್ಲೂ ಮಲಗಿಸಿದ್ದೇವೆ. ಡ್ಯೂಟಿ ಮುಗಿಸಿ ಬಂದು ಗೋಡೆಗೊರಗಿ ಕೂತರೆ ಕಾಲು ನನ್ನದೋ ಇನ್ಯಾರದೋ ತಿಳಿಯುವುದಿಲ್ಲ. ಆ ಸ್ಥಿತಿಯಲ್ಲಿ ನಿನ್ನ 'ಪೂರ್ಣಿಮೆಯ ಪಾರಿಜಾತ'ವನ್ನು ಕೈಗೆತ್ತಿಕೊಂಡೆ.

ಅಮ್ಮಾ ತಾಯಿ! ಸಕ್ಕರೆಗೆ ರೇಷನ್ ಬಂದು ನಾವೆಲ್ಲ ಬೆಲ್ಲದ ಕಾಫಿ ಕುಡಿಯುತ್ತಿದ್ದೇವೆ. ಇದನ್ನು ಬರೆದ ಪುಣ್ಯಾತ್ಮನಿಗೆ ಮಾತ್ರ ಎಲ್ಲಿಂದ ಸಿಕ್ಕಿತೋ, ಮೂಟೆಗಟ್ಟಲೆ ಸುರಿದಿದ್ದಾನೆ. ಆ ಸುಹಾಸಿನಿಗೆ ಹದಿನಾರು, ಆ ಮನೋಹರನಿಗೆ ಹತ್ತೊಂಬತ್ತು. ಇಬ್ಬರಿಗೂ ಕೊಳದ ಬಳಿ ಕೂರುವುದು ಬಿಟ್ಟರೆ ಬೇರೆ ಕಸುಬಿಲ್ಲ. ಅವಳ ಕಾಲಿಗೆ ಮುಳ್ಳು ಚುಚ್ಚಿದರೆ ಇವನು ಪುಟಗಟ್ಟಲೆ ಅಳುತ್ತಾನೆ. ಮುಳ್ಳು ಕೀಳಬೇಕೆಂಬ ಯೋಚನೆ ಇಬ್ಬರಿಗೂ ಬರುವುದಿಲ್ಲ! ನಾನು ನರ್ಸು. ಅಲ್ಲಿಂದ ಮುಂದಕ್ಕೆ ಕಥೆ ತಲೆಗೆ ಹತ್ತಲಿಲ್ಲ, ಆ ಕಾಲು ಕೀವು ಕಟ್ಟುತ್ತದಲ್ಲ ಎಂಬುದೇ ಚಿಂತೆಯಾಯಿತು.

ಇನ್ನು ನಿಮ್ಮ ಫಿಟ್ಟರ್ ಸಾಹೇಬರ ಗೆರೆಗಳು. 'ನಿನ್ನ ಗೆಜ್ಜೆಯ ದನಿ ಕೇಳದ ದಿನ ನನ್ನ ಪಾಲಿಗೆ ಸೂರ್ಯನೇ ಹುಟ್ಟಲಿಲ್ಲ' ಎಂಬುದರ ಕೆಳಗೆ ಎರಡು ಗೆರೆ, ಒಂದು ಕಪ್ಪು, ಒಂದು ನೀಲಿ. ಅಂದರೆ ಎರಡು ಸಲ ಓದಿ ಎರಡು ಸಲವೂ ಕರಗಿದ್ದಾನೆ. ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ, ಸುಳ್ಳಲ್ಲ. ಗೆಜ್ಜೆಯ ದನಿಗೆ ಕರಗುವ ಗಂಡಸು ನಿನಗೆ ಜ್ವರ ಬಂದ ದಿನ ಒಂದು ಬಿಂದಿಗೆ ನೀರು ಸೇದಿಕೊಡುತ್ತಾನೆಂದು ನನಗೆ ನಂಬಿಕೆಯಿಲ್ಲ. ಪೂರ್ತಿ ಓದಿಲ್ಲ, ಓದುವ ಅಗತ್ಯವೂ ಕಾಣುವುದಿಲ್ಲ. ಬೇಡ ಅನ್ನು.

ಬರುವ ವರ್ಷ ನಮ್ಮ ಆಸ್ಪತ್ರೆಯಲ್ಲಿ ಹುಡುಗಿಯರಿಗೆ ನರ್ಸಿಂಗ್ ಕಲಿಸುತ್ತಾರೆ. ನನ್ನ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗ ಇದೆ. ಯೋಚಿಸು.

ರಾಮಲಕ್ಷ್ಮಮ್ಮ


ಕಗ್ಗದಾಸಪುರ
೨೨ ಆಗಸ್ಟ್ ೧೯೪೪

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಮುಳ್ಳಿನ ವಿಷಯ ಓದಿ ನಗು ಬಂತು. ಆಮೇಲೆ ಬರಲಿಲ್ಲ.

ನನ್ನನ್ನು ನೋಡಲು ಬಂದ ದಿನ ಅವರು ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ನಮ್ಮ ಬಾವಿಯ ರಾಟೆ ಕಿರುಗುಟ್ಟಿತು. ಎಲ್ಲರೂ ಮಾತಾಡುತ್ತ ಕೂತಿದ್ದರೂ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತ ಅಲ್ಲೇ ನಿಂತಿದ್ದರು. ಕಿಟಕಿಯಿಂದ ಕಾಣುತ್ತಿತ್ತು. ಇದನ್ನು ಬರೆಯಬೇಕು ಅನ್ನಿಸಿತು, ಬರೆದೆ.

ನರ್ಸಿಂಗ್ ವಿಷಯ ಅವ್ವನ ಹತ್ತಿರ ಎತ್ತಲಿಲ್ಲ. ಎತ್ತಿದರೆ ಅಪ್ಪ ಮತ್ತೆ ನಿಮ್ಮನ್ನು ಬಯ್ಯುತ್ತಾರೆ. ಗಂಡಸರ ಗಾಯ ತೊಳೆಯುವವಳು ಈ ಹೊಸಿಲು ತುಳಿಯಬಾರದೆಂದು ಅಂದು ಆಡಿದ ಮಾತನ್ನು ಅವರು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ಒಂದು ಕೋರಿಕೆ. ಪುಸ್ತಕವನ್ನು ಪೂರ್ತಿ ಓದದೆ ತೀರ್ಪು ಕೊಡಬೇಡಿ. ಕೊನೆಯ ಕಡೆಗೂ ಗೆರೆಗಳಿವೆ. ನಿಮ್ಮ ಉತ್ತರ ಬರುವವರೆಗೆ ನನಗೆ ತಲೆನೋವು ಎಂದು ಅಪ್ಪನ ಹತ್ತಿರ ಹೇಳಿಕೊಂಡು ಕಾಲ ತಳ್ಳುತ್ತೇನೆ.

ಶಾಂತಕುಮಾರಿ


ಹಲಸೂರು
೧೨ ಸೆಪ್ಟೆಂಬರ್ ೧೯೪೪

ಚಿ. ಶಾಂತುವಿಗೆ ಆಶೀರ್ವಾದ.

ತಡವಾಯಿತು. ಮತ್ತೊಂದು ರೈಲು ಬಂತು. ಮಾರಕ್ಕ ಆಸ್ಪತ್ರೆಯ ಗೇಟಿನವರೆಗೆ ಬಂದು ನನ್ನನ್ನು ಕಾಣದೆ ಹೋದಳಂತೆ. ನಿನ್ನ ಪತ್ರದ ಕೊನೆಯಲ್ಲಿ 'ನಿಮ್ಮ ಶಾಂತು' ಇರಲಿಲ್ಲ, ಶಾಂತಕುಮಾರಿ ಇದ್ದಳು. ನೋಡಿದೆ.

ಪುಸ್ತಕ ಮುಗಿಸಿದೆ. ಮನೆಯಲ್ಲಲ್ಲ, ವಾರ್ಡಿನಲ್ಲಿ. ಮಧ್ಯಾಹ್ನ ಔಷಧಿ ಕೊಟ್ಟ ಮೇಲೆ ಸ್ವಲ್ಪ ಹೊತ್ತು ಕೂರಲು ಬಿಡುವು ಸಿಗುತ್ತದೆ. ಹಾಸನದ ಕಡೆಯ ಸಿಪಾಯಿ ಒಬ್ಬ, ಎರಡು ಕಣ್ಣಿಗೂ ಕಟ್ಟು ಹಾಕಿದೆ, ಹಾಳೆ ತಿರುವುವ ಸದ್ದು ಕೇಳಿ, "ಏನ್ ಓದ್ತಿದೀರಿ ಸಿಸ್ಟರಮ್ಮ? ಜೋರಾಗ್ ಓದ್ರೀ, ನಾವೂ ಕೇಳ್ತೀವಿ" ಎಂದ. ಓದಿದೆ. ಮುಳ್ಳಿನ ಜಾಗಕ್ಕೆ ಬಂದಾಗ ಮೂಲೆಯ ಮಂಚದಿಂದ ಒಬ್ಬ, "ಅಳೋದ್ ಬಿಟ್ಟು ಮುಳ್ ಕೀಳೋ ಮಾರಾಯ!" ಎಂದು ಕೂಗಿದ. ನಗಲಾರದವರೂ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. ಆದರೆ ಮರುದಿನ ನಾನು ಆ ಕೊಳದ ವರ್ಣನೆಯನ್ನು ಹಾರಿಸಲು ನೋಡಿದರೆ ಬಿಡಲಿಲ್ಲ. "ಏನಮ್ಮಾ, ಕಳ್ಳಾಟ ಆಡ್ತೀರಾ" ಎಂದು ಜಗಳಕ್ಕೇ ಬಂದರು. ಕಣ್ಣಿನ ಕಟ್ಟಿನವನು, "ಇಂಥಾ ಸುಳ್ಳೇ ಇರ್ಲಿ ಬಿಡಿ. ನಿಜ ನೋಡಿ ಸಾಕಾಗಿದೆ" ಎಂದ. ಕೊಳವನ್ನು ಪೂರ್ತಿ ಓದಿದೆ.

ಈಗ ವಿಷಯಕ್ಕೆ ಬರುತ್ತೇನೆ. ಕೊನೆಯ ಕಡೆ, ಮನೋಹರ ಪರವೂರಿಗೆ ಹೋದನೆಂದು ಸುಹಾಸಿನಿ ಊಟ ಬಿಟ್ಟು ಮಲಗುತ್ತಾಳಲ್ಲ, ಅಲ್ಲಿ ಮನೆಯ ಅಡುಗೆಯ ಮುದುಕಿ ಬಂದು ಒಂದೇ ಮಾತು ಹೇಳುತ್ತಾಳೆ: 'ಮುದ್ದೆ ಆರಿ ಹೋಗ್ತದೆ, ಉಂಡು ಅಳು ಮಗಳೇ.' ಇಡೀ ಪುಸ್ತಕದಲ್ಲಿ ಬದುಕಿರುವವರು ಆಡುವ ಮಾತು ಇದೊಂದೇ. ಅದರ ಪಕ್ಕದಲ್ಲಿ ತೆಳ್ಳಗೆ, ಕಂಡೂ ಕಾಣದ ಹಾಗೆ, ಒಂದು ಗೆರೆ ಇದೆ. ಬೇರೆ ಗೆರೆಗಳೆಲ್ಲ ಅಡ್ಡ, ಇದು ಉದ್ದ. ಎಲ್ಲರೂ ನೋಡಲಿ ಎಂದು ಎಳೆದದ್ದಲ್ಲ.

ನಾನು ತಪ್ಪಾಗಿ ತೂಗಿದ್ದೆ ಶಾಂತು. ಇಷ್ಟು ಸಕ್ಕರೆಯ ನಡುವೆ ಈ ಮಾತನ್ನು ಹುಡುಕಿ ಗುರುತು ಹಾಕಿದವನು ಹಸಿದವರ ಮುಖ ನೋಡಬಲ್ಲವನು. ನಿಮ್ಮ ಚಿಕ್ಕಪ್ಪ ತೀರಿಕೊಂಡ ದಿನ ನನ್ನ ಸುತ್ತ ಕೂತು ಅತ್ತವರು ಎಷ್ಟೋ ಮಂದಿ. ಸಂಜೆಯಾದರೂ ಯಾರೂ ನನಗೆ ಒಂದು ತುತ್ತು ತಂದುಕೊಡಲಿಲ್ಲ. ಹೂಂ ಅನ್ನು.

ರಾಮಲಕ್ಷ್ಮಮ್ಮ


ಕಗ್ಗದಾಸಪುರ
೧೯ ಸೆಪ್ಟೆಂಬರ್ ೧೯೪೪

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರಗಳು.

ಅಪ್ಪನಿಗೆ ಹೂಂ ಅಂದೆ. ಅವ್ವ ಅತ್ತಳು, ಅಪ್ಪ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರು. ಆಯುಧಪೂಜೆಗೆ ಕಾರ್ಖಾನೆಯವರಿಗೆ ಬಿಡುವಿಲ್ಲವಂತೆ. ಅದು ಕಳೆದು ಮುಂದಿನ ವಾರದ ಗುರುವಾರ ತಾಂಬೂಲ.

ಆ ಮುದುಕಿಯ ಸಾಲಿನ ವಿಷಯ ನಾನೇನು ಹೇಳಲಿ? ನಿಮಗೆ ಹಿಡಿಸಿತಲ್ಲ, ಸಾಕು. ಚಿಕ್ಕಪ್ಪನ ದಿನದ ಮಾತನ್ನು ನೀವು ಇದುವರೆಗೆ ನನಗೆ ಹೇಳಿರಲಿಲ್ಲ. ಓದಿದಾಗಿನಿಂದ ಮನಸ್ಸಿಗೆ ಒಂದು ಥರ ಆಗುತ್ತಿದೆ.

ಪುಸ್ತಕವನ್ನು ಬೇಗ ಕಳಿಸಿಬಿಡಿ ಚಿಕ್ಕಮ್ಮ. ಅವರ ತಂಗಿ ಎರಡು ಸಲ ಹೇಳಿಕಳಿಸಿದ್ದಾಳೆ, ಏನೋ ಅವಸರವಂತೆ.

ನಿಮ್ಮ ಶಾಂತು


ಹಲಸೂರು
೨೮ ಸೆಪ್ಟೆಂಬರ್ ೧೯೪೪

ಶಾಂತು,

ಇದನ್ನು ಓದುವಾಗ ಬಾಗಿಲು ಹಾಕಿಕೊ.

ಇಲ್ಲೇ ದಂಡು ಪ್ರದೇಶದ ಮಾರ್ಕೆಟ್ಟಿನ ಹಿಂದೆ ಬಷೀರ್ ಅಂತ ಒಬ್ಬರು ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಇಟ್ಟಿದ್ದಾರೆ. ಈಗ ಸಿಪಾಯಿಗಳಿಗೆಂದು ಟ್ರಂಕಿನಲ್ಲಿ ಪುಸ್ತಕ ತುಂಬಿಕೊಂಡು ವಾರ್ಡಿಗೂ ಬರುತ್ತಾರೆ. ನಿನ್ನೆ ನನ್ನ ಮೇಜಿನ ಮೇಲಿದ್ದ ಪಾರಿಜಾತವನ್ನು ಕಂಡು ಎತ್ತಿಕೊಂಡು, "ಅರೆ ಸಿಸ್ಟರಮ್ಮ, ಇದು ನಮ್ ಅಂಗಡಿ ಬುಕ್ಕು. ಈ ಹೊಲಿಗೆ ನಾನೇ ಹಾಕಿದ್ದು. ನೋಡಿ, ಚೀಟಿ ಕಿತ್ಬಿಟ್ಟಿದಾರೆ" ಎಂದರು. ಹಿಂದಿನ ರಟ್ಟಿನ ಒಳಗೆ ಅಂಟಿನ ಕಲೆ ಇತ್ತು. ನಾನು ಅದನ್ನು ನೋಡಿದ್ದೆ, ಯೋಚಿಸಿರಲಿಲ್ಲ.

ಯಾರು ತೆಗೆದುಕೊಂಡು ಹೋದದ್ದೆಂದು ಕೇಳಿದೆ. "ಹಲಸೂರಿನ ಒಂದು ಹುಡ್ಗಿ. ಅಣ್ಣಂಗೆ ಹೆಣ್ ನೋಡೋಕ್ ಹೋಗ್ತಿದೀವಿ, ಹೆಣ್ಣು ಓದ್ದೋಳಂತೆ, ಒಳ್ಳೇ ಲವ್ವಿನ ಬುಕ್ಕು ಕೊಡಿ ಅಂದ್ಲು." ಗೆರೆಗಳ ವಿಷಯ ಕೇಳಿದರೆ ಅವರು ತಲೆ ಚಚ್ಚಿಕೊಂಡರು. ಬಾಡಿಗೆಗೆ ಒಯ್ದವರೆಲ್ಲ ಗೀಚಿ ತರುತ್ತಾರಂತೆ, ಯಾರಿಗೆಂದು ಬಯ್ಯುವುದು!

ಅಂದರೆ ಅದರಲ್ಲಿ ಅವನದು ಏನೂ ಇಲ್ಲ. ಗೆಜ್ಜೆಯೂ ಇಲ್ಲ, ಮುದ್ದೆಯೂ ಇಲ್ಲ. ದಂಡಿನ ಯಾರ್ಯಾರೋ ಎಳೆದ ಗೆರೆಗಳನ್ನು ನಾನು ಒಬ್ಬ ಮನುಷ್ಯನ ಮನಸ್ಸೆಂದು ಓದಿ, ನಿನ್ನನ್ನು ಮೊದಲು ಹಿಂದಕ್ಕೆ ಎಳೆದೆ, ಆಮೇಲೆ ಮುಂದಕ್ಕೆ ತಳ್ಳಿದೆ. ಮೊದಲು ಬೇಡ ಅಂದದ್ದೂ ಶುದ್ಧವಾಗಿರಲಿಲ್ಲ. ಈ ಕೋಣೆಗೆ ಬಂದು ಬೀಗ ತೆಗೆಯುವಾಗ ಒಳಗೆ ಯಾರಾದರೂ ಇರಲಿ ಅನ್ನಿಸುತ್ತದೆ. ನೀನಿದ್ದರೆ ಚೆನ್ನ ಎಂಬ ಆಸೆಯಿತ್ತು.

ತಾಂಬೂಲದ ತಟ್ಟೆ ಕೈ ಬದಲಾಗುವವರೆಗೆ ಮಾತು ನಿನ್ನದೇ. ಆಮೇಲೆ ನಿನ್ನಪ್ಪ ಬಿಟ್ಟರೂ ಊರು ಬಿಡುವುದಿಲ್ಲ. ಬೇಡ ಅನ್ನುವುದಾದರೆ ನನ್ನ ಹೆಸರು ಹೇಳು. ಮೊದಲೇ ಆ ಮನೆಯಲ್ಲಿ ನನ್ನ ಹೆಸರು ಕೆಟ್ಟಿದೆ, ಇನ್ನೇನು ಕೆಡುವುದಿದೆ?

ಪುಸ್ತಕವನ್ನು ಬಷೀರ್ ಅವರಿಗೇ ಕೊಟ್ಟುಬಿಟ್ಟೆ.

ಚಿಕ್ಕಮ್ಮ


ಕಗ್ಗದಾಸಪುರ
೬ ಅಕ್ಟೋಬರ್ ೧೯೪೪

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿನ್ನೆ ತಾಂಬೂಲದ ದಿನ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅದಕ್ಕಿಂತ ಮೊದಲು ಹೇಳಬೇಕಾದದ್ದು ಒಂದಿದೆ.

ಮುದುಕಿಯ ಮಾತಿನ ಪಕ್ಕದ ಗೆರೆ ನನ್ನದು. ಬುಟ್ಟಿಗೆ ಇಡುವ ಮುಂಚೆ ನಾನೇ ಎಳೆದೆ. ಉಳಿದ ಗೆರೆಗಳು ಅವರವೇ ಎಂದು ನಂಬಿದ್ದೆ. ಅವನ್ನು ನೋಡಿದರೆ ನೀವು ನಗುತ್ತೀರಿ ಎಂದೂ ಗೊತ್ತಿತ್ತು. ನಿಮಗೆ ಹಿಡಿಸುವಂಥದ್ದು ಒಂದಾದರೂ ಇರಲಿ ಎಂದು ಹುಡುಕಿ ಗುರುತು ಹಾಕಿದೆ. ನಿಮ್ಮ ಬಾಯಲ್ಲಿ ಹೂಂ ಬರಬೇಕಿತ್ತು ನನಗೆ.

ಇನ್ನೊಂದು. ನನಗೆ ಆ ಪುಸ್ತಕ ಇಷ್ಟವಾಗಿತ್ತು ಚಿಕ್ಕಮ್ಮ. ಮುಳ್ಳು, ಕೊಳ, ಗೆಜ್ಜೆ ಎಲ್ಲವೂ. ಗೆಜ್ಜೆಯ ಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಒಬ್ಬರು ನನಗೋಸ್ಕರ ಅದಕ್ಕೆ ಗೆರೆ ಎಳೆದಿದ್ದಾರೆ ಎಂದುಕೊಂಡು ಹೊಲಕ್ಕೆ ಬುತ್ತಿ ಒಯ್ಯುವಾಗೆಲ್ಲ ಹೇಳಿಕೊಳ್ಳುತ್ತಿದ್ದೆ. ನಿಮ್ಮ ಮೊದಲ ಪತ್ರ ಓದಿ ನಾಚಿಕೆಯಾಯಿತು. ಬಷೀರರ ವಿಷಯ ಓದಿದ ದಿನ ಹಿತ್ತಿಲಿಗೆ ಹೋಗಿ ಅತ್ತೆ.

ನಿನ್ನೆ ಅವರ ಕಡೆಯವರು ಬಂದರು. ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟು, ಅಪ್ಪ ಎರಡೂ ಕೈಯಲ್ಲಿ ಎತ್ತಿದ್ದರು. ನಾನು ಬಾಗಿಲ ಸಂದಿಯಿಂದ ಈಚೆಗೆ ಬಂದು, "ಅಪ್ಪಾ, ಒಂದ್ ಮಾತು ಕೇಳ್ಬೇಕು" ಎಂದೆ. ಅವ್ವ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ನಾನು ಅವರನ್ನೇ ನೋಡಿ ಕೇಳಿದೆ, "ನೀವ್ ಕಳ್ಸಿದ್ ಪುಸ್ತಕ ನೀವ್ ಓದಿದೀರಾ?"

ಅವರ ತಂಗಿ ಥಟ್ಟನೆ, "ಓದಿದಾನೆ, ಎರಡ್ ಸಲ ಓದಿದಾನೆ" ಎಂದಳು.

ಅವರು ಅವಳ ಕಡೆ ತಿರುಗಿ, "ಸುಮ್ನಿರು" ಎಂದರು. ಆಮೇಲೆ ನನಗೆ, "ಇಲ್ರೀ. ನಂಗ್ ಓದೋಕ್ ಬರಲ್ಲ. ರುಜು ಹಾಕ್ತೀನಿ, ಅಳತೆ ಪಟ್ಟಿ ಓದ್ತೀನಿ, ಅಷ್ಟೇ. ಪುಸ್ತಕ ಕೊಟ್ಟಿದ್ದು ನಂಗ್ ಗೊತ್ತೂ ಇರ್ಲಿಲ್ಲ" ಎಂದರು. ಕಿವಿಯವರೆಗೆ ಕೆಂಪಾಗಿತ್ತು.

ಅಪ್ಪ ತಟ್ಟೆಯನ್ನು ಕೆಳಗಿಟ್ಟುಬಿಟ್ಟರು. "ಮಿಡ್ಲ್ ಸ್ಕೂಲ್ ಪಾಸ್ ಅಂದ್ರಲ್ಲ?" ಎಂದು ದನಿ ಎತ್ತಿದರು. ಅವರ ತಾಯಿ ಮುಖ ಮುಚ್ಚಿಕೊಂಡರು. ಹೊರಗೆ ಜಗಲಿಯ ಮೇಲಿದ್ದವರೆಲ್ಲ ಒಳಗೆ ಇಣುಕಿದರು. ನಾನು ಬೇಡ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಯಾರೂ ನನ್ನನ್ನು ದೂರುತ್ತಿರಲಿಲ್ಲ. ನಿಮ್ಮ ಕೋಣೆಯ ಚಾಪೆಯೂ ನೆನಪಾಯಿತು. ಸುಳ್ಳಲ್ಲ.

ಮತ್ತೆ ಕೇಳಿದೆ, "ನಾನ್ ಓದಿ ಹೇಳಿದ್ರೆ ಕೇಳ್ತೀರಾ?"

ಅವರು ಯೋಚನೆ ಮಾಡಿದರು ಚಿಕ್ಕಮ್ಮ. ಕೂಡಲೇ ಹೂಂ ಅನ್ನಲಿಲ್ಲ. "ಕೇಳ್ತೀನಿ. ಆದ್ರೆ ಈಗ ಡಬಲ್ ಶಿಫ್ಟು. ಮನೆಗ್ ಬಂದ್ರೆ ಕೂತಲ್ಲೇ ನಿದ್ದೆ ಬಂದ್ಬಿಡತ್ತೆ. ಮೊದ್ಲೇ ಹೇಳ್ಬಿಟ್ಟಿದೀನಿ, ಆಮೇಲ್ ಬೇಜಾರ್ ಮಾಡ್ಕೋಬೇಡಿ" ಎಂದರು.

ಪುಸ್ತಕದ ಯಾವ ಪುಟದಲ್ಲೂ ಇಂಥ ಮಾತಿರಲಿಲ್ಲ. ಖುಷಿಯಾಯಿತೋ ಸಂಕಟವಾಯಿತೋ ನನಗೇ ತಿಳಿಯದು. ಎರಡೂ ಆಯಿತು ಎಂದು ಕಾಣುತ್ತದೆ. "ಅಪ್ಪಾ, ತಟ್ಟೆ ಕೊಡಿ" ಎಂದೆ. ಕೊಟ್ಟರು.

ಮದುವೆಗೆ ನಿಮ್ಮನ್ನು ಕರೆಯಬೇಕೆಂದು ಕೇಳಿದೆ. ಅಪ್ಪ ಉತ್ತರ ಕೊಡಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ನನ್ನ ಮೇಲೆ ಕೋಪವಿದ್ದರೆ ಬಯ್ದು ಬರೆಯಿರಿ, ಬರೆಯದೆ ಮಾತ್ರ ಇರಬೇಡಿ.

ನಿಮ್ಮ ಶಾಂತು


ಹಲಸೂರು
೨೦ ಅಕ್ಟೋಬರ್ ೧೯೪೪

ಚಿ. ಶಾಂತುವಿಗೆ ಚಿಕ್ಕಮ್ಮನ ಆಶೀರ್ವಾದ.

ಕೋಪ ಬಂದಿತ್ತು. ಎರಡು ವಾರ ಡ್ಯೂಟಿ ಮಾಡಿ ಮಾಡಿ ಅದೂ ಸವೆದು ಹೋಯಿತು. ಚೋಟುದ್ದದ ಹುಡುಗಿ ಒಂದು ಪೆನ್ಸಿಲ್ ಹಿಡಿದು ನನಗೇ ಚಳ್ಳೆಹಣ್ಣು ತಿನ್ನಿಸಿದೆಯಲ್ಲ! ಇರಲಿ. ಆ ಗೆರೆ ನೋಡಿ, ಎಳೆದವರು ಹಸಿದವರ ಮುಖ ನೋಡಬಲ್ಲವರು ಎಂದು ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪುಸ್ತಕ ಇಷ್ಟವಾಯಿತೆಂದು ಹೇಳಲು ನನಗೆ ಹೆದರಿದೆಯಾ? ನಿನ್ನ ಅಪ್ಪನಿಗೆ ಹೆದರುವ ಹಾಗೆ? ಅದು ನನ್ನನ್ನು ಚುಚ್ಚಿತು. ಹದಿನೇಳು ವರ್ಷದವಳಿಗೆ ಸಿಹಿ ಸೇರದೆ ಇನ್ನಾರಿಗೆ ಸೇರಬೇಕು? ನನಗೆ ಅದು ಸೇರದೆ ಇದ್ದದ್ದು ಸಕ್ಕರೆ ಹೆಚ್ಚಾಗಿದ್ದಕ್ಕಲ್ಲ. ನಿನ್ನ ವಯಸ್ಸಿನಲ್ಲಿ ನನ್ನ ಕೈಗೆ ಯಾರೂ ಅಂಥ ಪುಸ್ತಕ ಕೊಡಲಿಲ್ಲ. ಹೊಟ್ಟೆಕಿಚ್ಚು ಕಣೇ. ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು.

ಮದುವೆಗೆ ಅಪ್ಪ ಕರೆದರೆ ಬರುತ್ತೇನೆ. ಕರೆಯದಿದ್ದರೆ ಅವರ ಹತ್ತಿರ ಜಗಳ ಆಡಬೇಡ. ಮದುವೆಯಾಗಿ ಹಲಸೂರಿಗೇ ಬರುತ್ತೀಯಲ್ಲ, ನಿಮ್ಮ ಬೀದಿ ನನ್ನ ಡ್ಯೂಟಿಯ ದಾರಿಯಲ್ಲೇ ಇದೆ. ನಿನ್ನ ಮನೆಯ ಹೊಸಿಲು ನಿನ್ನದು, ಯಾರು ತುಳಿಯಬೇಕೆಂದು ನೀನು ಹೇಳು.

ಅವನು ಓದು ಬಾರದವನು ಎಂಬುದು ಸಣ್ಣ ವಿಷಯ ಎಂದು ನಾನು ಹೇಳುವುದಿಲ್ಲ. ಕೆಲವು ಸಂಜೆ ನಿನಗೆ ಒಂಟಿ ಅನ್ನಿಸುತ್ತದೆ, ಅದನ್ನು ತಿಳಿದೇ ಹೋಗು. ಕಥೆಯ ನಡುವೆ ಅವನು ನಿದ್ದೆ ಹೋದರೆ ಎಬ್ಬಿಸಬೇಡ. ದಣಿದು ಬಂದವರ ನಿದ್ದೆ ಎಂಥದೆಂದು ನನಗೆ ಗೊತ್ತು. ಆದರೆ ಪುಸ್ತಕ ಮುಚ್ಚಿಡಬೇಡ ಶಾಂತು. ಮುಂದಿನದನ್ನು ನಿನಗೋಸ್ಕರ ಓದಿಕೊ.

ರಾಮಲಕ್ಷ್ಮಮ್ಮ